ನೆಲದ ಜಾತಕ

ಸಿಮೆಂಟು ಪಂಚಾಂಗ ನೋಡಿ ಒಣಗುವುದಿಲ್ಲ ಎನ್ನುವುದನ್ನು ಮನೆ ಕಟ್ಟಿಸುವವರಿಗೆ ತಿಳಿಸಿ ಹೇಳುವುದು ಬಲು ಕಷ್ಟ. ತೊಂಬತ್ತರ ದಶಕದಲ್ಲಿ ಪಾಂಡವಪುರದ ಹತ್ತಿರ ಜವರಣ್ಣನವರ ಹೊಸ ಮನೆಯ ಉಸ್ತುವಾರಿ ನನ್ನದಾಗಿತ್ತು. ನಡುಮನೆಗೆ ರೆಡ್ ಆಕ್ಸೈಡ್ ನೆಲ ಹಾಕಿ ಹತ್ತು ದಿನವೂ ಆಗಿರಲಿಲ್ಲ, ಬರುವ ಶುಕ್ರವಾರವೇ ಗೃಹಪ್ರವೇಶ ಎಂದುಬಿಟ್ಟರು.

“ನೆಲದೊಳಗೆ ಇನ್ನೂ ನೀರಿದೆ ಜವರಣ್ಣ. ಹೋಮದ ಬೆಂಕಿ ತಾಗಿದರೆ ಸಿಡಿಯುತ್ತದೆ. ಒಂದು ತಿಂಗಳು ತಡೀರಿ,” ಅಂದೆ.

“ಅಯ್ಯೋ ಬುಡಿ ಸಾ. ನನ್ ನಕ್ಷತ್ರ, ನನ್ ಹೆಂಡ್ರು ನಕ್ಷತ್ರ ಎಲ್ಡೂ ನೋಡಿ ಮೇಲುಕೋಟೆ ಅಯ್ನೋರು ಇಟ್ಟಿರೋ ಮುಹೂರ್ತ. ನಿಮ್ ಸಿಮೆಂಟ್‌ಗೋಸ್ಕರ ಮುಂದಕ್ಕಾಕಕ್ಕಾಯ್ತದಾ?”

“ಹೋಗಲಿ, ಹೋಮಕುಂಡದ ಕೆಳಗೆ ದಪ್ಪಗೆ ಮರಳನ್ನಾದರೂ ಹಾಸಿ.”

“ಮುಖ ಕಾಣಂಗೆ ಉಜ್ಜಿಸಿರೋ ನೆಲ ಸಾ! ಮರಳಾಕಿ ಮುಚ್ಬುಟ್ರೆ ಬೀಗ್ರು ನೋಡೋದು ಬ್ಯಾಡ್ವಾ?”

ಶುಕ್ರವಾರ ತುಪ್ಪ ಬಿದ್ದು ಬೆಂಕಿ ಮೇಲೇಳುತ್ತಿದ್ದಂತೆ ಕುಂಡದ ಅಂಚಿನಲ್ಲಿ ನೆಲ ಢಂ ಎಂದು ಸಿಡಿಯಿತು. ಅಂಗೈಯಗಲದ ಕೆಂಪು ಚಕ್ಕೆ ಹಾರಿ ಹಿರಿಯ ಬೀಗರ ಮಡಿಲಿಗೇ ಬಿತ್ತು. ಅಯ್ನೋರು ಮಂತ್ರ ನಿಲ್ಲಿಸಲಿಲ್ಲ, ಕೂತ ಮಣೆಯನ್ನು ಮಾತ್ರ ಒಂದು ಮಾರು ಹಿಂದಕ್ಕೆಳೆದುಕೊಂಡರು.

ಜವರಣ್ಣ ನನ್ನನ್ನು ಪಕ್ಕಕ್ಕೆ ಕರೆದರು. “ಇಂಗಾಯ್ತದೆ ಅಂತ ಗೊತ್ತಿದ್ಮೇಲೆ ಅಯ್ನೋರ್‌ಗೆ ಮೊದ್ಲೇ ಏಳ್ಬಾರ್ದಾ ಸಾ?”

ಹೌದು, ತಪ್ಪು ನನ್ನದೇ. ಅಲ್ಲಿಂದಾಚೆಗೆ ಯಾರ ಮನೆಗೆ ನೆಲ ಹಾಕಿಸಿದರೂ, ಹಾಕಿದ ದಿನ ಮತ್ತು ಹೊತ್ತನ್ನು ಚೀಟಿಯಲ್ಲಿ ಬರೆದು ಅದೇ ಅಯ್ನೋರಿಗೆ ಕೊಟ್ಟುಬರುತ್ತಿದ್ದೆ. ಗಂಡ ಹೆಂಡತಿಯ ಜಾತಕದ ಜೊತೆಗೆ ನೆಲದ್ದನ್ನೂ ನೋಡಿಬಿಡಲಿ ಅಂತ. ಆಮೇಲೆ ಅವರ ಪಂಚಾಂಗದಲ್ಲಿ ಯಾವ ನೆಲಕ್ಕೂ ತಿಂಗಳೊಳಗೆ ಮುಹೂರ್ತವೇ ಕೂಡಿಬರಲಿಲ್ಲ.