ಹಿನ್ನೀರಿನ ತಳದಲ್ಲಿ ಸಿಕ್ಕ ಅಲೆ

ನೀರಿಗಿಳಿದು ಕೆಲಸ ಮಾಡುವವರ ಹತ್ತಿರ ಕಥೆಗಳಿಗೆ ಬರವಿಲ್ಲ. ತಳದಲ್ಲಿ ಯಾರೋ ಹೆಸರು ಹಿಡಿದು ಕರೆದರು, ಸತ್ತ ಅಣ್ಣ ಕೈಹಿಡಿದು ಮೇಲೆ ತಂದ, ಹೀಗೆ. ನನ್ನೆದುರು ಯಾರಾದರೂ ಇಂಥದ್ದು ಶುರು ಮಾಡಿದರೆ ನಾನು ಬೀಡಿ ಹಚ್ಚಿಕೊಂಡು ಎದ್ದುಹೋಗುತ್ತಿದ್ದೆ. ಉಸಿರಿಗೆ ಕೆಟ್ಟ ಗಾಳಿ ಸೇರಿದರೆ ಮನುಷ್ಯನಿಗೆ ಏನು ಬೇಕಾದರೂ ಕಾಣುತ್ತದೆ ಎಂಬುದು ನನ್ನ ಉತ್ತರವಾಗಿತ್ತು. ಆ ಉತ್ತರ ಬಹುಮಟ್ಟಿಗೆ ಸರಿಯೆಂದು ಈಗಲೂ ನಂಬಿದ್ದೇನೆ. ಆದರೆ ನನಗೇ ಆದ ಒಂದು ಸಂಗತಿಗೆ ಮಾತ್ರ ಅದು ಹೊಂದುವುದಿಲ್ಲ. ಅದನ್ನು ನಡೆದ ಹಾಗೆಯೇ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ದಾಂಡೇಲಿಯಲ್ಲಿದ್ದೆ. ಅಣೆಕಟ್ಟುಗಳ ಗೇಟು ನೋಡುವುದು, ಹೊಳೆಯಲ್ಲಿ ಮುಳುಗಿದ ಪಂಪು ಎತ್ತುವುದು ನನ್ನ ಕಸುಬು. ಆಗೊಮ್ಮೆ ಈಗೊಮ್ಮೆ ಕಾರವಾರದ ಕಡೆಯಿಂದ ಸಮುದ್ರದ ಕೆಲಸವೂ ಬರುತ್ತಿತ್ತು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಳ್ಳುವಷ್ಟು ಅನುಕೂಲ ನಮಗಿರಲಿಲ್ಲ. ದೋಣಿಯಲ್ಲಿ ಒಂದು ಕಂಪ್ರೆಸರ್, ಅದರಿಂದ ಬಾಯಿಗೆ ಬರುವ ಗಾಳಿಯ ಪೈಪು, ಸೊಂಟಕ್ಕೆ ಒಂದು ಹಗ್ಗ, ಅಷ್ಟೇ. ಆ ಹಗ್ಗದ ಇನ್ನೊಂದು ತುದಿ ಹಿಡಿದು ಕೂರುತ್ತಿದ್ದವನು ಬಸಣ್ಣ. ಮುಂಡಗೋಡ ತಾಲೂಕಿನ ಚಿಗಳ್ಳಿಯ ಒಕ್ಕಲು ಮನೆತನದವನು. ಈಜು ಬಾರದು. ಆದರೆ ಹಗ್ಗ ಹಿಡಿದರೆ ಕಣ್ಣು ಆಚೀಚೆ ಸರಿಸುತ್ತಿರಲಿಲ್ಲ.

ಏಪ್ರಿಲ್ ತಿಂಗಳು. ಒಂದು ಟ್ರಾಲರ್ ಬೋಟನ್ನು ಮುಂದೆ ತಳ್ಳುವ ಪಂಖ ಕಳಚಿ ಕಡಲದಂಡೆಯ ಬಂಡೆಗಳ ಹತ್ತಿರ ಬಿದ್ದಿತ್ತು, ಸೋಮವಾರ ಬಂದು ಎತ್ತಿಕೊಡಿ ಎಂದು ಅದರ ಮಾಲಕ ಹೇಳಿಕಳಿಸಿದ್ದ. ನಮ್ಮ ಗಾಳಿಯ ಪೈಪು ಹೊಸದು. ಸಮುದ್ರಕ್ಕೆ ಒಯ್ಯುವ ಮೊದಲು ಒಮ್ಮೆ ನೋಡಿಬಿಡೋಣವೆಂದು ಬಸಣ್ಣನೇ ಹಟ ಹಿಡಿದ. ಭಾನುವಾರ ಬೆಳಿಗ್ಗೆ ಜೋಯಿಡಾ ಹತ್ತಿರ ಕಾಳಿ ಹೊಳೆಯ ಹಿನ್ನೀರಿಗೆ ಹೋದೆವು. ಹಿಂದೆ ಅದು ಕಾಡಾಗಿತ್ತು. ನೀರಿನೊಳಗೆ ಒಣಮರಗಳು ಇನ್ನೂ ನಿಂತಿವೆ. ನಾನು ಏಳು ಆಳುದ್ದ ಕೆಳಕ್ಕೆ ಇಳಿದು, ಒಂದು ಮರದ ಬೊಡ್ಡೆಯ ಮಗ್ಗುಲಲ್ಲಿ ಕುಳಿತು ಉಸಿರಾಟ ಸರಿಯಿದೆಯೇ ಎಂದು ನೋಡುತ್ತಿದ್ದೆ.

ಆಗ ನೀರು ನನ್ನನ್ನು ಮೆಲ್ಲಗೆ ಮುಂದಕ್ಕೆ ತಳ್ಳಿತು. ಸ್ವಲ್ಪ ಹೊತ್ತು ನಿಲ್ಲಿಸಿತು. ಆಮೇಲೆ ಅಷ್ಟೇ ಮೆಲ್ಲಗೆ ಹಿಂದಕ್ಕೆಳೆಯಿತು. ಮತ್ತೆ ಮುಂದಕ್ಕೆ. ತಳದ ಕೆಸರು ಎದ್ದು ನನ್ನ ಜೊತೆಯಲ್ಲೇ ಹೋಗಿ ಬಂತು. ನಾನು ಬೊಡ್ಡೆಯನ್ನು ತಬ್ಬಿಕೊಂಡು ಎಣಿಸಿದೆ. ಒಂದು ಸಲ ಹೋಗಿ ಬರಲು ಹದಿನಾರು ಸೆಕೆಂಡು. ಐದು ಸಲ ಎಣಿಸಿದೆ, ಐದು ಸಲವೂ ಅಷ್ಟೇ.

ಸಮುದ್ರದಲ್ಲಿ ಮುಳುಗಿದವರಿಗೆ ಈ ಎಳೆತ ಗೊತ್ತು. ದೂರದಲ್ಲೆಲ್ಲೋ ಬಿರುಗಾಳಿ ಎದ್ದು, ಅದರ ಅಲೆ ಸಾವಿರಾರು ಮೈಲಿ ನಡೆದು ಬಂದಾಗ ತಳದ ನೀರು ಹೀಗೆ ತೂಗುತ್ತದೆ. ಅಲೆ ಅಲೆಗಳ ನಡುವೆ ಬಿಡುವು ಹೆಚ್ಚಿದಷ್ಟೂ ಅದರ ಬಲ ಹೆಚ್ಚು. ಮೇಲಿನಿಂದ ನೋಡಿದರೆ ಏನೂ ಕಾಣದು. ಆದರೆ ಇದು ಘಟ್ಟದ ಮೇಲಿನ ಸಿಹಿನೀರು.

ಮೇಲೆ ಬಂದೆ. ನೀರು ಎಣ್ಣೆ ಸುರಿದಂತೆ ನಿಂತಿತ್ತು. ನಾನು ಬಾಯಿ ಬಿಡುವ ಮೊದಲೇ ಬಸಣ್ಣ ಕೇಳಿದ.

"ಹಗ್ಗ ಯಾಕ ಹಂಗ ಜಗ್ಗಾಕತ್ತಿದ್ರಿ? ಜಗ್ಗೂದು, ಬಿಡೂದು, ಜಗ್ಗೂದು, ಬಿಡೂದು. ಏನರ ಬೇಕಾಗಿತ್ತೇನು?"

"ನಾ ಜಗ್ಗಿಲ್ಲೋ. ಗಿಡಾ ಹಿಡಕೊಂಡು ಕುಂತಿದ್ದೆ."

ಅವನು ಹಗ್ಗ ನೋಡಿದ, ನನ್ನ ಮುಖ ನೋಡಿದ. ಅರ್ಧ ತಾಸು ಬಿಟ್ಟು ಮತ್ತೆ ಇಳಿದೆ. ಏನೂ ಇರಲಿಲ್ಲ. ಕೆಸರು ಕೂಡ ಕದಲಲಿಲ್ಲ.

ಮರುದಿನ ನಸುಕಿನಲ್ಲೇ ಹೊರಟು ಅಣಶಿ ಘಟ್ಟ ಇಳಿದು ಕಡಲದಂಡೆ ಸೇರಿದೆವು. ಸಮುದ್ರಕ್ಕಿಳಿಯುವ ಮುನ್ನ ನನ್ನದೊಂದು ಪದ್ಧತಿ. ರೇಡಿಯೋದಲ್ಲಿ ಮೀನುಗಾರರಿಗೆ ಹೇಳುವ ಮುನ್ಸೂಚನೆ ಕೇಳುತ್ತೇನೆ. ಭರತ ಇಳಿತದ ಪಟ್ಟಿ ನೋಡುತ್ತೇನೆ. ಆಮೇಲೆ ಎತ್ತರದ ಬಂಡೆಯ ಮೇಲೆ ಕುಳಿತು ಅರ್ಧ ತಾಸು ಬರಿಗಣ್ಣಿನಲ್ಲಿ ನೀರು ನೋಡುತ್ತೇನೆ. ಇವು ಮೂರೂ ಒಪ್ಪಿದರೆ ಇಳಿಯುವುದು, ಒಂದು ಒಪ್ಪದಿದ್ದರೂ ಮನೆಗೆ. ಹೊಟ್ಟೆಯೊಳಗಿನ ಅಳುಕಿಗೆ ಈ ಲೆಕ್ಕದಲ್ಲಿ ಜಾಗವಿರಲಿಲ್ಲ. ಹೊಸ ಹುಡುಗರಿಗೂ ಹಾಗೇ ಕಲಿಸಿದ್ದೆ.

ಅವತ್ತು ಮೂರೂ ಒಪ್ಪಿದವು. ಗಾಳಿ ಕಡಿಮೆ, ಸಮುದ್ರ ಶಾಂತ, ಎಚ್ಚರಿಕೆ ಏನೂ ಇಲ್ಲ ಎಂದು ರೇಡಿಯೋ ಹೇಳಿತು. ಎರಡು ಅಲೆಗಳ ನಡುವಿನ ಬಿಡುವು ಎಣಿಸಿದೆ, ಏಳೆಂಟು ಸೆಕೆಂಡು. ಬಂಡೆಯ ಬುಡದಲ್ಲಿ ನೊರೆ ಕೂಡ ಇಲ್ಲ. ಅದಕ್ಕಿಂತ ಒಳ್ಳೆಯ ದಿನ ಬೇಡುವಂತಿರಲಿಲ್ಲ.

ಆದರೂ ನಾನು, "ಇವತ್ತ ಬ್ಯಾಡ," ಎಂದುಬಿಟ್ಟೆ.

ಮಾಲಕ ಸಿಟ್ಟಾದ. ಬೋಟು ಕಟ್ಟಿಹಾಕಿ ಆಗಲೇ ಎಂಟು ದಿನವಾಗಿತ್ತು, ಅವನ ಸಿಟ್ಟು ತಪ್ಪಲ್ಲ. ಅಲ್ಲಿಯವನೇ ಆದ ದಾಮೋದರನನ್ನು ಕರೆಸಿದ. ಅವನೂ ಮುಳುಗುಗಾರ, ನನಗಿಂತ ಹತ್ತು ವರ್ಷ ಚಿಕ್ಕವನು. ನಮ್ಮ ಸಾಮಾನಿನಲ್ಲೇ ಇಳಿಯುತ್ತೇನೆ ಎಂದ. ಎರಡು ಬಂಡೆಗಳ ನಡುವೆ ಒಂದು ಕಂಡಿಯಿದೆ. ದೋಣಿಯನ್ನು ಆ ಕಂಡಿಯೊಳಗೇ ತಂದು ನಿಲ್ಲಿಸಿದರೆ ಪಂಖ ನೇರ ಕೆಳಗೇ ಸಿಗುತ್ತದೆ ಎಂಬುದು ಅವನ ಯೋಚನೆ. ಅಂಥ ಶಾಂತ ನೀರಿನಲ್ಲಿ ನಾನಾದರೂ ಹಾಗೇ ಮಾಡುತ್ತಿದ್ದೆ.

ಏನೆಂದು ತಡೆಯಲಿ? ಹಿನ್ನೀರಿನಲ್ಲಿ ಅಲೆ ಬಂದಿತ್ತು ಎನ್ನಲೇ? ನಾಚಿಕೆಯಾಯಿತು. ಅದಕ್ಕೇ ಒಂದು ಸುಳ್ಳು ಹೇಳಿದೆ. ಘಟ್ಟದ ಮೇಲೆ ಬೇರೊಂದು ರೇಡಿಯೋ ಸ್ಟೇಷನ್ನಿನಲ್ಲಿ, ದೂರದಿಂದ ದೊಡ್ಡ ಅಲೆ ಬರುತ್ತಿದೆ ಎಂದು ಕೇಳಿದೆ ಎಂದೆ. ಜೀವಮಾನದಲ್ಲಿ ನಾನು ಹುಟ್ಟಿಸಿಕೊಂಡು ಹೇಳಿದ ಮುನ್ಸೂಚನೆ ಅದೊಂದೇ.

"ನಾನೂ ರೇಡಿಯೋ ಕೇಳೇ ಬಂದದ್ದು ಮಾರಾಯ್ರೆ, ಹಾಗೇನೂ ಹೇಳ್ಲಿಲ್ಲ ಅಲ್ಲ," ಎಂದು ದಾಮೋದರ ನಕ್ಕ. ಆದರೂ ಹಿರಿಯನ ಮಾತೆಂದು ಅರ್ಧ ಕೇಳಿದ. ದೋಣಿ ಕಂಡಿಯೊಳಗೆ ಹೋಗಲಿಲ್ಲ. ಹೊರಗೆ, ತೆರೆದ ನೀರಿನಲ್ಲಿ ನಿಂತಿತು. ಎಂಜಿನ್ ಚಾಲೂ ಇಟ್ಟು ಮಾಲಕನೇ ಕುಳಿತ. ಕಂಪ್ರೆಸರ್ ಬಸಣ್ಣ ನೋಡಿಕೊಂಡ. ಹಗ್ಗ ನಾನೇ ಹಿಡಿದೆ.

ದಾಮೋದರ ಇಳಿದು ಹತ್ತು ನಿಮಿಷವಾಗಿರಬೇಕು. ಹಗ್ಗ ಬಿಗಿಯಾಯಿತು, ಸಡಿಲಾಯಿತು. ಮತ್ತೆ ಬಿಗಿಯಾಯಿತು. ಸನ್ನೆಯಲ್ಲ, ಸನ್ನೆಯಾದರೆ ಗಕ್ಕನೆ ಎರಡು ಸಲ ಎಳೆಯಬೇಕು. ನಾನು ಮನಸ್ಸಿನಲ್ಲೇ ಎಣಿಸಿದೆ. ಹದಿನಾರು.

"ಎತ್ತೋ ಬಸಣ್ಣ, ಎತ್ತೋ!" ಎಂದು ಕೂಗಿದೆ.

"ಇದ ಅಲ್ರೀ ನಿನ್ನೀದು?" ಎಂದ ಬಸಣ್ಣ. ಅವನ ಕೈಯೂ ಆಗಲೇ ಹಗ್ಗದ ಮೇಲಿತ್ತು.

ಇಬ್ಬರೂ ಎಳೆಯತೊಡಗಿದೆವು. ಅಷ್ಟರಲ್ಲಿ ಕಂಡಿಯ ನೀರು ಸದ್ದಿಲ್ಲದೆ ಹಿಂದೆ ಸರಿದು, ಯಾವತ್ತೂ ಹೊರಗೆ ಕಾಣದ ಕಪ್ಪು ಕಲ್ಲುಗಳು ಕಂಡವು. ಮರುಗಳಿಗೆಯಲ್ಲಿ ನೀರು ಎದ್ದು ಕಂಡಿಗೆ ನುಗ್ಗಿ ಎರಡೂ ಬಂಡೆಗಳ ನೆತ್ತಿಯ ಮೇಲೆ ಹಾದುಹೋಯಿತು. ನಮ್ಮ ದೋಣಿ ತೆರೆದ ನೀರಿನಲ್ಲಿದ್ದದ್ದರಿಂದ ಎದ್ದು ಇಳಿಯಿತು, ಅಷ್ಟೇ. ಒಳಗಿದ್ದಿದ್ದರೆ ಒಂದು ಹಲಗೆಯೂ ಸಿಗುತ್ತಿರಲಿಲ್ಲ. ದಾಮೋದರ ಬಂಡೆಗೆ ಬಡಿದು ಭುಜ ಮುರಿದುಕೊಂಡು ಮೇಲೆ ಬಂದ. ಜೀವವಿತ್ತು. ಗಾಳಿಯಿಲ್ಲ, ಮೋಡವಿಲ್ಲ, ಆ ಅಲೆಗಳು ಮಾತ್ರ ಸಂಜೆಯವರೆಗೂ ಬಂದವು. ದಂಡೆಯ ಮೇಲೆ ಎಳೆದಿಟ್ಟ ದೋಣಿಗಳನ್ನೂ ಎತ್ತಿ ಒಗೆದವು.

ಆಮೇಲೆ ಬಲ್ಲವರನ್ನು ಕೇಳಿದ್ದೇನೆ. ದೊಡ್ಡ ಜಲಾಶಯದ ನೀರು ಗಾಳಿಗೆ ತೂಗುವುದುಂಟು, ಆದರೆ ಒಂದು ತೂಗಾಟಕ್ಕೆ ಎಷ್ಟೋ ನಿಮಿಷ ಬೇಕು ಎಂದರು ಒಬ್ಬ ಎಂಜಿನಿಯರ್. ಗೇಟು ತೆಗೆದಿದ್ದರೆ ಎಳೆತ ಒಂದೇ ಕಡೆಗಿರುತ್ತದೆ. ನನ್ನ ತಲೆ ತಿರುಗಿತ್ತು ಎನ್ನೋಣವೆಂದರೆ, ಮೇಲೆ ಕುಳಿತಿದ್ದ ಬಸಣ್ಣನಿಗೆ ಯಾವ ಗಾಳಿ ಸೇರಿತ್ತು? ಇನ್ನೊಂದು ಮಾತು, ಭಾನುವಾರ ನಾನು ಹಿನ್ನೀರಿನಲ್ಲಿ ಕುಳಿತಿದ್ದಾಗ ಆ ಅಲೆಗಳು ಇನ್ನೂ ನಡುಸಮುದ್ರದಲ್ಲಿದ್ದವು. ದಂಡೆಯನ್ನೇ ಮುಟ್ಟಿರಲಿಲ್ಲ.

ತಿಂಗಳ ನಂತರ ದಾಮೋದರನನ್ನು ನೋಡಲು ಹೋದೆ. ಕೈ ಕೊರಳಿಗೆ ಕಟ್ಟಿತ್ತು. ಅಂಗಳದಲ್ಲಿ ಅವನ ಹೆಂಡತಿ ಮೀನು ಹರವುತ್ತಿದ್ದಳು. ಅದು ಯಾವ ಸ್ಟೇಷನ್ನು, ತಾನೂ ಇನ್ನು ಅದನ್ನೇ ಹಾಕಿ ಕೇಳುತ್ತೇನೆ ಎಂದು ಅವನು ವಿಚಾರಿಸಿದ. ಸುಳ್ಳು ಒಪ್ಪಿಕೊಂಡೆ. ಹಿನ್ನೀರಿನ ಸಂಗತಿಯನ್ನೂ ಹೇಳಿದೆ. ನಗುತ್ತಾನೆ ಎಂದುಕೊಂಡಿದ್ದೆ, ನಗಲಿಲ್ಲ. ಒಂದೇ ಮಾತು ಕೇಳಿದ.

"ಅದು ನನಗೆ ಹೇಳ್ಲಿಕ್ಕೆ ಬಂದದ್ದಾದ್ರೆ, ನಿಮ್ಮ ಹತ್ರ ಯಾಕೆ ಬಂತು?"

ಅವನ ಹೆಂಡತಿ ಚಹಾ ತಂದಳು, ಕುಡಿದು ಎದ್ದು ಬಂದೆ. ಈಗ ನಾನು ನೀರಿಗಿಳಿಯುವುದನ್ನು ಬಿಟ್ಟು ವರ್ಷಗಳಾದವು. ಯಾರಾದರೂ ತಳದ ಕಥೆ ಶುರು ಮಾಡಿದರೆ ಬೀಡಿ ಹಚ್ಚಿಕೊಳ್ಳುತ್ತೇನೆ, ಆದರೆ ಈಗ ಎದ್ದುಹೋಗುವುದಿಲ್ಲ.