ಬೋರ್ಡಿನ ಅಂಚಿನ ಕುಂಕುಮ

ಇದು ನಡೆದು ಮೂರು ವರ್ಷವಾಯಿತು. ದಸರಾ ರಜೆ ಮುಗಿದ ವಾರ. ಸೋಮವಾರ ಎಂದು ಬರೆಯಹೊರಟು ಕೈ ತಡೆಯಿತು, ಮಂಗಳವಾರವೂ ಇದ್ದೀತು. ಎಷ್ಟೋ ಸಲ ಹೇಳಿದ ಕಥೆಯಾದ್ದರಿಂದ ಇದರಲ್ಲಿ ನೆನಪೆಷ್ಟು, ನನ್ನ ಸೇರ್ಪಡೆಯೆಷ್ಟು ಎಂಬ ಅನುಮಾನ ನನಗೇ ಇದೆ. ಖಾತರಿ ಇರುವುದಿಷ್ಟು: ಆಗ ನಾನು ಯಲಹಂಕ ಭಾಗದ ಸರ್ಕಾರಿ ಶಾಲೆಗಳ ಶಿಕ್ಷಕರಿಗೆ ಸ್ಮಾರ್ಟ್ ಬೋರ್ಡ್ ಬಳಸುವ ತರಬೇತಿ ಕೊಡುತ್ತಿದ್ದೆ. ಕೊನೆಯಲ್ಲಿ ಪ್ರತಿಯೊಬ್ಬರೂ ಮಕ್ಕಳ ಮುಂದೆ ಒಂದು ಪಾಠ ಮಾಡಿ ತೋರಿಸಬೇಕಿತ್ತು.

ರಾಜಾನುಕುಂಟೆ ಹತ್ತಿರದ ಶಾಲೆಯೊಂದರಲ್ಲಿ ಆ ಸರದಿ ಬಂದದ್ದು ನನ್ನ ಅಣ್ಣನ ಹೆಂಡತಿ ಸರೋಜಮ್ಮನವರಿಗೆ. ಸೀಮೆಸುಣ್ಣ ಹಿಡಿದರೆ ಎದುರಿಲ್ಲದ ಸಮಾಜ ಟೀಚರ್. ಹಿಂದಿನ ಭಾನುವಾರ ಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಅಂದಿದ್ದರು:

“ನೋಡು ಸುಮಾ, ಮಕ್ಕಳ ಮುಂದೆ ಬೆಪ್ಪಾಗಿ ನಿಲ್ಲೋಕೆ ನನ್ ಕೈಲಾಗಲ್ಲ. ಪಾಠ ಕೆಡ್ತೋ, ಮಾರನೇ ದಿನವೇ ವಾಲಂಟರಿ ಬರ್ದು ಕೊಡ್ತೀನಿ.”

ಸ್ವಯಂ ನಿವೃತ್ತಿಯ ಮಾತು ಅವರ ಬಾಯಲ್ಲಿ ಅದೇ ಮೊದಲು. ನನಗೆ ಭಯವಾಯಿತು.

ಪಾಠದ ದಿನ ಬೋರ್ಡು ಹಟ ಹಿಡಿಯಿತು. ಎಲ್ಲಿ ಮುಟ್ಟಿದರೂ ಬಾಣದ ಗುರುತು ಕೆಳಗಿನ ಮೂಲೆಗೇ ಓಡುತ್ತಿತ್ತು.

“ಟಚ್ ಹೋಗೈತೆ ಮೇಡಂ, ರಜೆಗೆ ಮುಂಚೆ ಚೆನ್ನಾಗಿತ್ತು” ಎಂದರು ಹೆಡ್ ಮೇಷ್ಟ್ರು.

ಅತ್ತಿಗೆಯ ಮುಖ ಅರಳಿತು. “ಪಾಪ, ಏನ್ ಮಾಡೋಕಾಗುತ್ತೆ ಮೇಡಂನೋರೇ? ಇನ್ನೊಂದಿನ ನೋಡೋಣ ಬಿಡಿ!” ಶಾಲೆಯಲ್ಲಿ ನಾನು ಅವರಿಗೆ ಮೇಡಂನೋರು, ಆ ಮರ್ಯಾದೆಯಲ್ಲಿ ಅರ್ಧ ಚೇಷ್ಟೆ.

ಆರಿಸಿ ಮತ್ತೆ ಹಾಕಿದೆ. ವೈರು ಬದಲಿಸಿದೆ. ಬಗ್ಗಿ ಚೌಕಟ್ಟು ನೋಡಿದಾಗ ಗೊತ್ತಾಯಿತು. ಆಯುಧಪೂಜೆಗೆ ಕಂಪ್ಯೂಟರು, ನೀರಿನ ಫಿಲ್ಟರು, ಶಾಲೆಯ ಗಂಟೆ ಎಲ್ಲಕ್ಕೂ ಗಂಧ, ಕುಂಕುಮ ಇಟ್ಟಿದ್ದರು; ಬೋರ್ಡಿನ ಒಳ ಅಂಚಿಗೂ ಮೂರು ದಪ್ಪ ಬೊಟ್ಟು. ಆ ಅಂಚಿನಲ್ಲಿರುವ ಸೆನ್ಸರ್‌ಗಳು ಕಣ್ಣಿಗೆ ಕಾಣದ ಬೆಳಕು ಹಾಯಿಸುತ್ತವೆ. ಬೆರಳು ಅಡ್ಡ ಬಂದ ಜಾಗವನ್ನು ಬೋರ್ಡು ಗುರುತಿಸುತ್ತದೆ. ಕುಂಕುಮವನ್ನೇ ಅದು ತೆಗೆಯದ ಬೆರಳು ಎಂದುಕೊಂಡಿತ್ತು. ಪೂಜೆಯ ಬೊಟ್ಟನ್ನು ಯಾರೂ ಒರೆಸಿರಲಿಲ್ಲ.

“ದೇವ್ರುದ್ದು ಮೇಡಂ, ಒರೆಸ್ಬೋದಾ?” ಎಂದರು ಹೆಡ್ ಮೇಷ್ಟ್ರು.

“ಒರೆಸಿ ಬೆನ್ನಿಗೆ ಇಡಿ ಸಾರ್. ದೇವರಿಗೆ ಹಿಂದು ಮುಂದು ಏನಿಲ್ಲ.”

ಒದ್ದೆ ಬಟ್ಟೆ ಆಡಿಸಿದ್ದೇ ಬೋರ್ಡು ಸರಿಹೋಯಿತು. ಅತ್ತಿಗೆಗೆ ಬೇರೆ ದಾರಿ ಉಳಿಯಲಿಲ್ಲ.

ನಕಾಶೆಯ ಪಾಠ. ಉಪಗ್ರಹದ ಚಿತ್ರದಲ್ಲಿ ಊರು ತೆರೆದುಕೊಂಡಿತ್ತು. ಅದನ್ನು ದೊಡ್ಡದು ಮಾಡಲು ಎರಡು ಬೆರಳು ಅಗಲಿಸಬೇಕು. ಅತ್ತಿಗೆ ಗಾಬರಿಯಲ್ಲಿ ಕೂಡಿಸಿದರು. ಮತ್ತೆ ಮತ್ತೆ ಕೂಡಿಸಿದರು. ಊರು ಚುಕ್ಕೆಯಾಯಿತು, ಕರ್ನಾಟಕ ಅಂಗೈಯಷ್ಟಾಯಿತು, ಕಡೆಗೆ ಕತ್ತಲಲ್ಲಿ ತೇಲುವ ಭೂಮಿಯೊಂದೇ ಉಳಿಯಿತು. ನಾನು ಎದ್ದು ನಿಂತೆ, ಎದ್ದಿರಬೇಕು.

ಅತ್ತಿಗೆ ಭೂಮಿಯನ್ನೊಮ್ಮೆ ನೋಡಿ ಮಕ್ಕಳ ಕಡೆ ತಿರುಗಿದರು. “ಕಳೆದೋದ್ವಲ್ರೋ! ಈಗ ನಮ್ಮೂರಿಗೆ ದಾರಿ ಯಾರ್ ಹೇಳ್ತೀರಿ?”

ಛಾವಣಿ ಹಾರಿಹೋಗುವಂಥ ಗದ್ದಲ. “ಇಂಡಿಯಾ ಮಿಸ್, ಇಂಡಿಯಾ!” “ಕೆಳಗೆ! ಇನ್ನೂ ಕೆಳಗೆ!” “ಲೇ, ಅದು ತಮಿಳ್ನಾಡು ಕಣೋ!” ಹೆಸರಘಟ್ಟ ಕೆರೆ ಕಂಡದ್ದೇ ಎಲ್ಲರೂ ಬೆಂಚಿನ ಮೇಲೆ. ಅಲ್ಲಿಂದ ಪೂರ್ವಕ್ಕೆ ಸರಿದು ದೊಡ್ಡಬಳ್ಳಾಪುರ ರಸ್ತೆ ಹಿಡಿದರು. ಹುಡುಗಿಯೊಬ್ಬಳು ಬೋರ್ಡಿಗೇ ಓಡಿ ಬಂದಳು: “ಇಲ್ಲೇ ಮಿಸ್! ನಮ್ಮಜ್ಜಿ ಅಸು ಕಟ್ಟೋ ಜಾಗ!” ಗಂಟೆ ಹೊಡೆದರೂ ಯಾರೂ ಕದಲಲಿಲ್ಲ.

ಅಲ್ಲಿಯವರೆಗೆ ನಾನು ಶಿಕ್ಷಕರಿಗೆ ಕಲಿಸುತ್ತಿದ್ದದ್ದು ತಪ್ಪಾಗದಂತೆ ಗುಂಡಿ ಒತ್ತುವುದನ್ನು. ಈಗ ಮೊದಲ ದಿನವೇ ಅವರನ್ನು ನಕಾಶೆಯಲ್ಲಿ ಬೇಕೆಂದೇ ದಾರಿ ತಪ್ಪಿಸುತ್ತೇನೆ. ವಾಪಸು ಬರಲು ಮಕ್ಕಳನ್ನು ಕೇಳಿದರೆ ಟೀಚರ್ ಚಿಕ್ಕವರಾಗುವುದಿಲ್ಲ ಎಂಬುದು ನನಗೆ ಅರ್ಥವಾದದ್ದು ಅತ್ತಿಗೆಯಿಂದ. ವಾಲಂಟರಿಯ ಸುದ್ದಿ ಅವರು ಮತ್ತೆ ಎತ್ತಿಲ್ಲ.

ಬೋರ್ಡಿಗೆ ಬೊಟ್ಟಿಟ್ಟದ್ದು ಅತ್ತಿಗೆಯೇ ಎಂದು ಹೆಡ್ ಮೇಷ್ಟ್ರು ಈಚೆಗೆ ಬಾಯಿಬಿಟ್ಟರು. ಹೋದ ವಾರ ಅತ್ತಿಗೆಯ ಅಡುಗೆಮನೆಯಲ್ಲೇ ಕೇಳಿದೆ. ಅವರು ಒಗ್ಗರಣೆ ಸೀಯುತ್ತಿದೆ ಎಂದು ಒಲೆಯ ಕಡೆ ತಿರುಗಿಕೊಂಡರು. ಹೆಗಲು ಮಾತ್ರ ನಗುವಿಗೆ ಕುಣಿಯುತ್ತಿತ್ತು. ನಾನು ಕೇಳಿದ್ದು ಇಷ್ಟೇ:

“ಅತ್ತಿಗೆ, ಸೆನ್ಸರ್ ಎಲ್ಲಿರುತ್ತೆ ಅಂತ ನಾನೇ ನಿಮಗೆ ತೋರಿಸಿಕೊಟ್ಟಿದ್ದೆ. ಹೊರಗಡೆ ಅಷ್ಟಗಲ ಚೌಕಟ್ಟು ಬಿಟ್ಟು, ಕುಂಕುಮ ಅಲ್ಲಿಗೇ ಯಾಕಿಟ್ರಿ?”