ಮಣಿಕಟ್ಟಿಗೆ ಗೊತ್ತಾಗಿತ್ತು

ನನ್ನ ಕೈ ಮುಂದೆ ಹೋಗುವಷ್ಟರಲ್ಲೇ, ಕಣ್ಣು ಮುಚ್ಚಿ ನಿಂತಿದ್ದ ಶಬಾನಾ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ತೊಂಬತ್ತರ ದಶಕದ ಕೊನೆ, ಬೈಲಹೊಂಗಲದ ಕುಂಗ್‌ಫು ತರಗತಿ. ಇಬ್ಬರೂ ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ, ಕೈ ಸಡಿಲ ಬಿಟ್ಟು, ಎದುರಿನವರ ಚಲನೆಯನ್ನು ಸ್ಪರ್ಶದಿಂದಲೇ ಅರಿಯುವ ಅಭ್ಯಾಸ ಅದು. ಅವಳನ್ನು ಅಲ್ಲಿಗೆ ಕರೆತಂದವಳೇ ನಾನು. ಕಿತ್ತೂರಿನ ಪ್ರದರ್ಶನಕ್ಕೆ ನಮ್ಮಿಬ್ಬರಲ್ಲಿ ಒಬ್ಬರನ್ನು ನಮಗೆ ಕಲಿಸುವ ಸರ್ ಆ ದಿನ ಆರಿಸುವವರಿದ್ದರು.

"ಭುಜಾ ಇಳಸವಾ, ಜ್ವಾಳದ ಚೀಲಾ ಹೊತ್ತಂಗ ನಿಂತೀಯಲ್ಲ!" ಎಂದು ಸರ್ ನನ್ನನ್ನು ನೋಡಿ ನಕ್ಕರು. ಅವಳಲ್ಲಿ ತಿದ್ದಲು ಅವರಿಗೆ ಏನೂ ಸಿಗಲಿಲ್ಲ. ಅದೇ ನನ್ನ ಹೊಟ್ಟೆ ಉರಿಸಿತು.

ಮತ್ತೆ ಕೈ ತಾಗಿಸಿದೆವು. ಶಬಾನಾ ಕಣ್ಣು ತೆರೆಯದೆಯೇ ಕೇಳಿದಳು: "ಯಾಕವಾ, ನನ್ನ ಮ್ಯಾಲ ಸಿಟ್ಟಾಗೀಯೇನ? ಕೈ ಕಟಗಿಹಂಗ ಬಿಗಿ ಆಗೇತಿ."

"ಇಲ್ಲ ಬಿಡ," ಎಂದೆ. ಅಷ್ಟರಲ್ಲಿ ನನ್ನ ತಡೆ ದಾಟಿ ಅವಳ ಅಂಗೈ ನನ್ನ ಹೆಗಲು ಮುಟ್ಟಿಯಾಗಿತ್ತು.

ಕಿತ್ತೂರಿಗೆ ಅವಳೇ ಹೋದಳು. ಅಂದು ಅವಳು ಕೇಳಿದ್ದು 'ಸಿಟ್ಟು' ಎಂದೋ 'ಹೊಟ್ಟಿಕಿಚ್ಚು' ಎಂದೋ ಈಗ ಖಾತ್ರಿಯಿಲ್ಲ. ನನಗೆ ಅನುಕೂಲವಾದ ಪದವನ್ನೇ ನೆನಪು ಉಳಿಸಿಕೊಂಡಿರಬಹುದು. ಇಂದಿಗೂ ಯಾರದಾದರೂ ಗೆಲುವಿಗೆ ಕೈ ಕುಲುಕಲು ಹೋದಾಗ, ಮೊದಲು ನನ್ನ ಭುಜ ಇಳಿಸಿಕೊಳ್ಳುತ್ತೇನೆ.